ಎ ಗ್ರೇಡ್ ಮನೆ

ಹೆಮ್ಮಿಗೆಯ ಚಿಕ್ಕಸ್ವಾಮಿಗೆ ಸರ್ಕಾರದ ಮೇಲೆ ಒಂದೇ ಒಂದು ವಿಷಯದಲ್ಲಿ ನಂಬಿಕೆಯಿತ್ತು. ಅದು ಟಿವಿ. ಮಾಮೂಲಿ ಚಾನೆಲ್‌ಗಳಲ್ಲಿ ಅಸಭ್ಯವಾದದ್ದು ಬರದಂತೆ ದೆಹಲಿಯಲ್ಲಿ ಯಾರೋ ಪುಣ್ಯಾತ್ಮರು ಕತ್ತರಿ ಹಿಡಿದು ಕೂತಿದ್ದಾರೆ, ದುಡ್ಡು ಕೊಟ್ಟು ನೋಡುವ ಆ್ಯಪ್‌ಗಳಿಗೆ ಮಾತ್ರ ಆ ಕತ್ತರಿ ಎಟುಕುವುದಿಲ್ಲ ಎಂದು ಅವನು ಡೈರಿಗೆ ಹಾಲು ತಂದವರಿಗೆಲ್ಲ ಭಾಷಣ ಬಿಗಿಯುತ್ತಿದ್ದ. ಕಾಸು ಕೊಟ್ಟು ಮಾನ ಕಳೆದುಕೊಳ್ಳುವುದು ಯಾವ ಸೀಮೆ ನ್ಯಾಯ ಎಂಬುದು ಅವನ ವಾದ.

ಆದರೆ ಮಗ ಮಹೇಂದ್ರನಿಗೆ ಹೆಣ್ಣು ಸಿಗುತ್ತಿರಲಿಲ್ಲ. ಹುಡುಗನಲ್ಲಿ ಐಬೇನೂ ಇಲ್ಲ, ವ್ಯವಸಾಯ ಮಾಡುತ್ತಾನೆ ಎಂಬುದೊಂದನ್ನು ಬಿಟ್ಟರೆ. (ಈ ಕಾಲದಲ್ಲಿ ಅದಕ್ಕಿಂತ ದೊಡ್ಡ ಐಬು ಬೇಕೆ?) ಕೊನೆಗೂ ಹೆಡತಲೆಯ ಕೆಂಪಯ್ಯ, ಮಗಳು ಪವಿತ್ರಾಳನ್ನು ಕರೆದುಕೊಂಡು ಮನೆ ನೋಡಲು ಬರುತ್ತೇನೆ ಎಂದ. ಚಿಕ್ಕಸ್ವಾಮಿಯ ಹೆಂಡತಿ ನಾಗರತ್ನ ಪಟ್ಟು ಹಿಡಿದಳು. ದೊಡ್ಡ ಟಿವಿ ಇಲ್ಲದ ಮನೆಗೆ ಯಾವ ಹುಡುಗಿಯೂ ಕಾಲಿಡುವುದಿಲ್ಲ, ಅದರಲ್ಲಿ ಆ್ಯಪೂ ಇರಬೇಕು ಎಂದಳು. ಚಿಕ್ಕಸ್ವಾಮಿ ತನ್ನ ತತ್ವವನ್ನು ಗೂಟಕ್ಕೆ ನೇತುಹಾಕಿ ಬನ್ನೂರಿಗೆ ಹೋದ.

ಅಂಗಡಿಯ ರವಿಚಂದ್ರ ವಿವರಿಸತೊಡಗಿದ. ಆ್ಯಪಿನಲ್ಲಿ ಕತ್ತರಿಯ ಬದಲು ಗುರುತು ಇರುತ್ತದೆ. ಯು ಎಂದರೆ ಎಲ್ಲರಿಗೂ, ಆಮೇಲೆ ಏಳು ವರ್ಷ, ಹದಿಮೂರು, ಹದಿನಾರು, ಕೊನೆಗೆ ಎ. ಬೇಡವಾದದ್ದಕ್ಕೆ ಬೀಗ ಹಾಕಬಹುದು. ಚಿಕ್ಕಸ್ವಾಮಿಯ ಕಿವಿಗೆ ಬಿದ್ದದ್ದು ಎ ಒಂದೇ. ಖರೀದಿ ಕೇಂದ್ರದಲ್ಲಿ ಎ ಗ್ರೇಡ್ ಭತ್ತಕ್ಕಿರುವ ಮರ್ಯಾದೆ ಅವನಿಗೆ ಗೊತ್ತಿಲ್ಲವೇ?

“ಕಾಸು ಕೊಟ್ಟ್ ಮ್ಯಾಕೆ ಎ ನೇ ಇರ್ಲಿ ಕಣಪ್ಪ. ಬೀಗ ಗೀಗ ಏನೂ ಬ್ಯಾಡ.”

ರವಿಚಂದ್ರ ಅವನ ನರೆತ ಮೀಸೆಯನ್ನೊಮ್ಮೆ ನೋಡಿ, ದೊಡ್ಡವರ ಇಷ್ಟ ಎಂದು ಬಿಲ್ಲು ಹರಿದುಕೊಟ್ಟ. ನೆಂಟರು ಬರುವ ತನಕ ಯಾರೂ ಮುಟ್ಟಬಾರದೆಂದು ಟಿವಿ ಬೆಡ್‌ಶೀಟು ಹೊದ್ದು ಕೂತಿತು.

ಭಾನುವಾರ ನೆಂಟರು ಬಂದರು. ಗದ್ದೆ, ಕೊಟ್ಟಿಗೆ ನೋಡಿದ್ದಾಯಿತು, ಕಾಫಿ ಕಜ್ಜಾಯವೂ ಬಂತು. ಕೆಂಪಯ್ಯನ ಮುಖ ಮಾತ್ರ ಸಡಿಲವಾಗಲಿಲ್ಲ. ಇನ್ನು ಬ್ರಹ್ಮಾಸ್ತ್ರವೇ ಗತಿ ಎಂದುಕೊಂಡ ಚಿಕ್ಕಸ್ವಾಮಿ, ಪ್ರತಿಮೆ ಅನಾವರಣ ಮಾಡುವ ಮಂತ್ರಿಯಂತೆ ಬೆಡ್‌ಶೀಟು ಸರಿಸಿದ.

“ನಮ್ಮನೇಲಿ ಎಲ್ಲಾ ಎ ನೇ ಕಣ್ರೀ ಬೀಗ್ರೆ. ನಾನು, ಇವ್ಳು, ಮಗ ಒಟ್ಗೇ ಕುಂತ್ಕಂಡು ನೋಡ್ತೀವಿ. ನಾಳೆ ನಿಮ್ ಮಗಳೂ ಅಷ್ಟೇಯ.”

ಕೆಂಪಯ್ಯನ ಕೈಯ ಕಜ್ಜಾಯ ಬಾಯಿಗೆ ಹೋಗದೆ ನಿಂತಿತು. ಮಹೇಂದ್ರ ತಡೆಯಲು ಏಳುವಷ್ಟರಲ್ಲಿ ಅಪ್ಪ ಮಾತು ಕೇಳುವ ರಿಮೋಟನ್ನು ಬಾಯಿಗೆ ಹಿಡಿದು, ಎ ಸಿನಿಮಾ ಆಕು ಎಂದು ಅಪ್ಪಣೆ ಕೊಡಿಸಿಯಾಗಿತ್ತು. ಆ ಮನೆಯಲ್ಲಿ ಚಿಕ್ಕಸ್ವಾಮಿಯ ಮಾತನ್ನು ತಕ್ಷಣ ಕೇಳಿದ್ದು ಆ ಟಿವಿ ಒಂದೇ. (ಹಕಾರ ಇಲ್ಲದಿದ್ದರೂ ಅರ್ಥಮಾಡಿಕೊಂಡಿತು.) ಪರದೆಯ ಮೇಲೆ ಒಬ್ಬಳು ಸ್ನಾನ ಮುಗಿಸಿ ಬಂದಳು; ಸೀರೆ ಉಡುವ ಇರಾದೆಯೇ ಅವಳಿಗಿದ್ದಂತಿರಲಿಲ್ಲ. ಅವಳ ಹಿಂದೆಯೇ ಒಬ್ಬ ಬಂದ.

ಅಯ್ಯೋ ನಂಜುಂಡಪ್ಪಾ ಎಂದು ಚಿಕ್ಕಸ್ವಾಮಿ ಹೆಗಲ ಮೇಲಿನ ಟವೆಲ್ಲು ತೆಗೆದು ಟಿವಿಗೆ ಹೊದಿಸಿದ. ಅದು ಅರ್ಧಕ್ಕೂ ಸಾಲಲಿಲ್ಲ. ಉಳಿದರ್ಧಕ್ಕೆ ಕೈಕಾಲು ಅಗಲಿಸಿ ತಾನೇ ಅಡ್ಡ ನಿಂತ. ದೆಹಲಿಯ ಕತ್ತರಿಯನ್ನು ಅಷ್ಟು ಭಕ್ತಿಯಿಂದ ಅವನು ಎಂದೂ ನೆನೆದಿರಲಿಲ್ಲ. ಕೆಂಪಯ್ಯ ಎದ್ದು ಚಪ್ಪಲಿ ಹುಡುಕಿದ. ಮಗನ ಮದುವೆ ಹೊಸ್ತಿಲು ದಾಟಿ ಹೊರಟಿತಲ್ಲ ಎಂದು ನಾಗರತ್ನಳ ಕಣ್ಣಲ್ಲಿ ನೀರು ಬಂತು.

ಪವಿತ್ರಾ ರಿಮೋಟು ಎತ್ತಿಕೊಂಡು ಟಿವಿ ಆರಿಸಿದಳು.

“ಎ ಅಂದ್ರೆ ಏನು ಅಂದ್ಕಂಡಿದ್ರಿ ಮಾವ?”

“ಭತ್ತದಾಗೆ ಇರಾದೇ ಅಲ್ವೇನವ್ವಾ? ಜೊಳ್ಳು ಇಲ್ದೇ ಇರಾದು.”

ಕೆಂಪಯ್ಯನೂ ಭತ್ತ ಬೆಳೆಯುವವನೇ. ಒಂದೇ ಕಾಲಿಗೆ ಚಪ್ಪಲಿ ಮೆಟ್ಟಿದ್ದವನು ಬಾಗಿಲು ಹಿಡಿದುಕೊಂಡು ಹೊಟ್ಟೆ ಹುಣ್ಣಾಗುವಂತೆ ನಕ್ಕ. ನಾಗರತ್ನಳ ಕಿವಿ ನೆಟ್ಟದ್ದು ಬೇರೆ ಮಾತಿನ ಮೇಲೆ. ಬಂದಾಗಿನಿಂದ ಅಂಕಲ್ ಅಂಕಲ್ ಎನ್ನುತ್ತಿದ್ದ ಹುಡುಗಿ ಈಗ ಮಾವ ಎಂದಿದ್ದಳು. ನಾಗರತ್ನ ಕಣ್ಣೊರೆಸಿಕೊಂಡು ಸಕ್ಕರೆ ಡಬ್ಬಿ ತರಲು ಓಡಿದಳು.

ಹೊರಡುವ ಮುನ್ನ ಪವಿತ್ರಾ, ಏಳು ವರ್ಷದ ಮಕ್ಕಳು ನೋಡುವಂಥದ್ದನ್ನು ಮಾತ್ರ ಬಿಟ್ಟು ಮಿಕ್ಕಿದ್ದಕ್ಕೆಲ್ಲ ಬೀಗ ಹಾಕಿದಳು. ಪಿನ್ ನಂಬರ್ ಏನವ್ವ ಎಂದು ಕೇಳಿದರೆ, ಮದುವೆ ಆಗಲಿ ಮಾವ, ಹೇಳುತ್ತೇನೆ ಎಂದು ನಕ್ಕು ಹೋದಳು. ಲಗ್ನ ಗೊತ್ತಾಗಿರುವುದು ಮಾಘಕ್ಕೆ. ಅಲ್ಲಿಯವರೆಗೆ ಚಿಕ್ಕಸ್ವಾಮಿ ಕರಡಿಮರಿಯ ಕಾರ್ಟೂನು ನೋಡುತ್ತ, ಮದುಮಗನಿಗಿಂತ ಹೆಚ್ಚು ಆತುರದಿಂದ ದಿನ ಎಣಿಸುತ್ತಿದ್ದಾನೆ.