ಭಾವನ ಗ್ಲೈಡರಿಗೆ ಬಾಲ ಆರಿಸಿದ್ದು

ತನಗೆ ತಿಳಿಯದ ವಿಷಯದಲ್ಲಿ ಆದರ್ಶ ಬೋಧಿಸಿದವನ ತಲೆಗೇ ಆ ಕೆಲಸ ಬಂದು ಕೂರುವುದು ಲೋಕರೂಢಿ. ಕನ್ನಡ ಎಂ.ಎ. ಮುಗಿಸಿದ ನನ್ನ ತಲೆಗೆ ಬಂದದ್ದು ಗ್ಲೈಡರಿನ ಬಾಲ. ಬಂಟ್ವಾಳದಲ್ಲಿ ಭೌತಶಾಸ್ತ್ರ ಕಲಿಸುವ ನನ್ನ ಭಾವ, ಹಳೆಯ ಕಾಲದ ಎಂಜಿನ್ ಇಲ್ಲದ ವಿಮಾನವೊಂದರ ಪುಟ್ಟ ಪ್ರತಿರೂಪವನ್ನು ಏಳು ತಿಂಗಳಿಂದ ಕಟ್ಟುತ್ತಿದ್ದರು. ಉಳಿದದ್ದು ಬಾಲದ ಅಡ್ಡರೆಕ್ಕೆಯೊಂದೇ. ಅದರ ಆಕಾರ ತಪ್ಪಿದರೆ ಗ್ಲೈಡರ್ ಮೂತಿ ಕೆಳಗೆ ಮಾಡಿ ನೆಲಕ್ಕೆ ಬಡಿಯುತ್ತದೆ.

೧. ಮೂಲಕ್ಕೆ ನಿಷ್ಠೆ

"ಇಷ್ಟು ಸಣ್ಣದಕ್ಕೆ ಚಪ್ಪಟೆ ಹಲಗೆ ಸಾಕು" ಎಂದರು ಭಾವ.

ನಾನು ಒಪ್ಪಲಿಲ್ಲ. ಮೂಲ ವಿಮಾನದ ಬಾಲ ಮೇಲೂ ಕೆಳಗೂ ಸಮನಾಗಿ ಉಬ್ಬಿದೆ; ಪ್ರತಿರೂಪವೆಂದ ಮೇಲೆ ಕಣ್ಣಿಗೆ ಬೀಳದ ಕಡೆಯಲ್ಲೂ ಪ್ರಾಮಾಣಿಕತೆ ಬೇಕು ಎಂದು ವಾದಿಸಿದೆ.

"ಮೂಲದ್ದರಲ್ಲಿ ಪೈಲಟ್ ಒಳಗೇ ಕೂತಿರ್ತಾನೆ ಮಾರಾಯ, ಬೀಳುವುದು ಅವನಿಗೆ ಮೊದಲೇ ಗೊತ್ತಾಗ್ತದೆ. ನಾನು ದೂರದಲ್ಲಿ ನಿಂತಿರ್ತೇನೆ."

ಕೊನೆಗೆ, ಎರಡೂ ಬದಿ ಉಬ್ಬಿದ, ಆದರೆ ಮೂಲಕ್ಕಿಂತ ತೆಳ್ಳಗಿನ ಆಕಾರಕ್ಕೆ ಒಪ್ಪಿದರು. "ಬಿದ್ದರೆ ಹೊಣೆ ನಿನ್ನದು" ಎಂದು ಅದನ್ನು ಕೆತ್ತಿಸುವ ಕೆಲಸವನ್ನೂ ನನಗೇ ಒಪ್ಪಿಸಿದರು.

ಒಳಗಿನಿಂದ ಅಕ್ಕ ಕೂಗಿದಳು: "ನನ್ನನ್ನು ನೋಡಲಿಕ್ಕೆ ಬಂದಾಗ ಇವರು ಒಂದೇ ಬದಿ ನೋಡಿ ಒಪ್ಪಿದ್ದು!"

೨. ಗಾಳಿಗೆ ಉಪಚಾರ

ಹಗುರ ಮರವನ್ನು ಕೆತ್ತಿಸಲು ಮೂಡುಬಿದಿರೆಯ ಆಚಾರಿಯೊಬ್ಬರ ಬಳಿಗೆ ಹೋದೆ. ಮುಂದಿನ ಅಂಚು ದುಂಡಗೆ, ಹಿಂದಿನ ಅಂಚು ಬ್ಲೇಡಿನಂತೆ ತೆಳ್ಳಗೆ ಎಂದು ಕಾಗದದಲ್ಲಿ ಬರೆದುಕೊಟ್ಟೆ. ಎರಡು ದಿನ ಬಿಟ್ಟು ಹೋದರೆ ಎರಡೂ ಅಂಚು ದುಂಡಗೆ!

"ಚೂಪು ಬಿಟ್ಟರೆ ಧೂಳು ಒರೆಸುವಾಗ ಕೈ ಕೊಯ್ತದೆ. ನಾನು ಮಾಡಿದ ಬಾಗಿಲಿನಿಂದ ಇಷ್ಟರವರೆಗೆ ಯಾರಿಗೂ ಗಾಯ ಆಗ್ಲಿಲ್ಲ."

"ಆಚಾರ್ರೇ, ಗಾಳಿ ಹಿಂದಿನಿಂದ ನಯವಾಗಿ ಹೊರಟು ಹೋಗ್ಬೇಕು."

ಅವರು ಉಳಿ ಕೆಳಗಿಟ್ಟು ನನ್ನನ್ನು ಕನಿಕರದಿಂದ ನೋಡಿದರು. "ಬರುವ ಗಾಳಿಗೆ ಮರ್ಯಾದೆ ಮಾಡುವ, ಸರಿ. ಹೋಗುವ ಗಾಳಿಗೂ ಉಪಚಾರ ಉಂಟಾ?"

೩. ಬಾಲಕ್ಕೆ ಗಂಧ

ಭಾನುವಾರ ಬೆಳಿಗ್ಗೆ ಬೆಳ್ತಂಗಡಿಯ ಹತ್ತಿರದ ಒಂದು ಗುಡ್ಡ. ಹಿಂದಿನ ಅಂಚನ್ನು ನಾನೇ ಉಜ್ಜಿ ತೆಳುಮಾಡಿದ್ದೆ. ಗುಡ್ಡದ ಒಡತಿಯಾದ ಅಜ್ಜಿಗೆ ಭಾವ ಕೈಮುಗಿದು, "ಅಮ್ಮ, ಮೂತಿ ಮಾತ್ರ ಮುಟ್ಟಬೇಡಿ, ಅಲ್ಲಿ ಭಾರ ಹೊಂದಿಸಿ ಇಟ್ಟದ್ದು" ಎಂದು ಹೇಳಿ ಗಾಳಿ ನೋಡಲು ಅಂಚಿಗೆ ನಡೆದರು. ನಾನೂ ಹಿಂದೆಯೇ ಹೋದೆ.

ತಿರುಗಿ ಬಂದಾಗ ಅಜ್ಜಿ ಮಾತು ಮೀರಿರಲಿಲ್ಲ, ಮೂತಿ ಮುಟ್ಟಿರಲಿಲ್ಲ. ಹೊಸ ವಾಹನವಲ್ಲವೇ ಎಂದು ಬಾಲದ ಮೇಲೆ ಮೂರು ಬೆರಳಿನಿಂದ ದಪ್ಪಗೆ ಗಂಧ ಎಳೆದಿದ್ದರು!

"ಮೇಲೆ ಮಾತ್ರ ಉಬ್ಬಿದ ಹಾಗಾಯ್ತಲ್ಲಾ!" ಭಾವ ನನ್ನ ಕಿವಿಯಲ್ಲಿ ನರಳಿದರು. ಒರೆಸುವಂತಿಲ್ಲ, ಅಜ್ಜಿ ಕಣ್ಣುಮುಚ್ಚಿ ಪ್ರಾರ್ಥಿಸುತ್ತಿದ್ದಾರೆ. ನಾನೇ ಧೈರ್ಯ ಮಾಡಿದೆ: "ಅಮ್ಮ, ಕೆಳಗೂ ಅಷ್ಟೇ ಹಚ್ಚಿ."

"ಭಕ್ತಿ ಉಂಟು ಹುಡುಗನಿಗೆ" ಎಂದು ಮೆಚ್ಚಿ ಹಚ್ಚಿದರು.

ಭಾವ ಎಸೆದರು. ನಾನು ಕಣ್ಣು ಮುಚ್ಚಿದೆ. ನೆಲಕ್ಕೆ ಬಡಿದ ಸದ್ದು ಬರಲಿಲ್ಲ. ತೆರೆದು ನೋಡಿದರೆ ಗ್ಲೈಡರ್ ಕಣಿವೆಯ ಮೇಲೆ ಗಿಡುಗದಂತೆ ತೇಲುತ್ತಿದೆ! ಎರಡು ಸುತ್ತು ಹಾಕಿ, ಹುಲ್ಲಿನ ಮೇಲೆ ಜಾರಿ ನಿಂತಿತು. ಭಾವನ ಕಣ್ಣು ತುಂಬಿತ್ತು. "ಗಾಳಿಯ ನಿಯಮ ಅಮ್ಮ, ಬೇರೆ ಏನೂ ಇಲ್ಲ" ಎಂದು ಅಜ್ಜಿಗೆ ಪಾಠ ಮಾಡಿದರು.

"ಇನ್ನೊಮ್ಮೆ ಹಾರಿಸುವ?" ಎಂದೆ.

ಭಾವ ಬಾಲವನ್ನು ಮಗುಚಿ ನೋಡಿದರು. ಕೆಳಗಿನ ಗಂಧ ಹುಲ್ಲಿಗೆ ಉಜ್ಜಿ ಹೋಗಿತ್ತು. ಅತ್ತಿತ್ತ ನೋಡಿ, ಗಂಟಲು ಸರಿಮಾಡಿಕೊಂಡು, ನನ್ನ ಭೌತಶಾಸ್ತ್ರದ ಭಾವ ಅಜ್ಜಿಯೆದುರು ಬಾಲವನ್ನು ಭಕ್ತಿಯಿಂದ ಚಾಚಿದರು:

"ಅಮ್ಮ... ಗಂಧ ಇನ್ನೂ ಸ್ವಲ್ಪ ಉಂಟಾ?"