ವಿನೈಲ್ ನೆಲದ ಮೇಲೊಂದು ತೂಕ

ಬಾಡಿಗೆ ಮನೆ ನೋಡಲು ಹೋದ ಗಂಡಸು ಮೇಲೆ ನೋಡುತ್ತಾನೆ: ಸೂರು ಸೋರುತ್ತದೆಯೇ, ಫ್ಯಾನಿಗೆ ಕೊಕ್ಕೆ ಇದೆಯೇ ಎಂದು. ಹೆಂಗಸು ಕೆಳಗೆ ನೋಡುತ್ತಾಳೆ. ತುಮಕೂರಿನ ಸದಾಶಿವನಗರದ ಆ ಮನೆಗೆ ನಾನೊಬ್ಬನೇ ಹೋಗಿ, ಮೇಲಷ್ಟೇ ನೋಡಿ, ಒಪ್ಪಿಕೊಂಡು ಬಂದೆ. ಸೂರಿನ ವಿಷಯದಲ್ಲಿ ನನ್ನ ತೀರ್ಪು ಇವತ್ತಿಗೂ ಸರಿಯೇ; ನಾವಿದ್ದಷ್ಟು ಕಾಲ ಒಂದು ಹನಿಯೂ ಸೋರಲಿಲ್ಲ. ಆದರೆ ಸಾಮಾನು ಇಳಿಸಿದ ದಿನ ನನ್ನ ಹೆಂಡತಿ ಸರೋಜ ಹೊಸ್ತಿಲಲ್ಲೇ ನಿಂತು, "ರೀ, ಇದೇನ್ರೀ ಇದು, ನೆಲಾನಾ ಇಲ್ಲ ಬಾಣಲೆ ತಳಾನಾ?" ಎಂದಳು.

ಅದು ವಿನೈಲ್ ಟೈಲಿನ, ಅಂದರೆ ಪ್ಲಾಸ್ಟಿಕ್ ಬಿಲ್ಲೆಗಳ ನೆಲ. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಸುತ್ತಮುತ್ತಲ ಮನೆಗಳಲ್ಲೆಲ್ಲ ಕೆಂಪು ಗಾರೆ ಇರುವಾಗ ನಮ್ಮ ಮಾಲೀಕರು ಶೋಕಿಗೆಂದು ಬೆಂಗಳೂರಿನಿಂದ ಟೈಲು ತರಿಸಿ ಹಜಾರಕ್ಕೆ ಅಂಟಿಸಿದ್ದರಂತೆ. ನಮಗಿಂತ ಮುಂಚೆ ಅಲ್ಲಿದ್ದವರು ಕೊಬ್ಬರಿ ವ್ಯಾಪಾರದವರು. ವರ್ಷಗಟ್ಟಲೆ ಮೂಟೆ ಪೇರಿಸಿ, ಎಣ್ಣೆಜಿಡ್ಡಿನ ಮೇಲೆ ಧೂಳು, ಧೂಳಿನ ಮೇಲೆ ಮತ್ತೆ ಜಿಡ್ಡು ಕೂತು, ಟೈಲಿನ ಬಣ್ಣ ಯಾವುದೆಂದು ಮಾಲೀಕರಿಗೇ ಮರೆತುಹೋಗಿತ್ತು. ಕೇಳಿದರೆ, "ಏನೋ ಒಳ್ಳೇ ಬಣ್ಣಾನೇ ಇತ್ತು, ಬುಡಿ" ಎಂದರು.

ನನ್ನ ಪಾಡಿಗೆ ಬಿಟ್ಟಿದ್ದರೆ ಆ ಬಣ್ಣದ ಗೋಜಿಗೆ ಹೋಗುವವನಲ್ಲ ನಾನು. ಆದರೆ ದಸರಾ ಬಂತು. ಸರೋಜ ಕುಣಿಗಲ್ಲಿನವಳು, ತವರಿನಿಂದ ಪಟ್ಟದ ಗೊಂಬೆ ತಂದವಳು. ಆ ವರ್ಷ ಗೊಂಬೆ ಕೂರಿಸಿ ಬೀದಿಯ ಹೆಂಗಸರನ್ನೆಲ್ಲ ಕರೆದಳು. ಬಂದವರು ಸೀರೆಯ ನೆರಿಗೆ ಎತ್ತಿ ಹಿಡಿದುಕೊಂಡು, ಬಾಗಿಲ ಬಳಿಯೇ ನಿಂತು, ಕುಂಕುಮ ತೆಗೆದುಕೊಂಡು ಹೊರಟುಹೋದರು. ಒಬ್ಬರೂ ಕೂರಲಿಲ್ಲ. ಮಿಕ್ಕ ಕಡಲೆಕಾಳು ಉಸಲಿಯನ್ನು ಮಾರನೆಯ ದಿನವೂ ನಾನೇ ತಿಂದೆ. ಸರೋಜ ಪಾತ್ರೆ ತೊಳೆಯುತ್ತ ಸುಮ್ಮನೆ ಕಣ್ಣು ಒರೆಸಿಕೊಂಡಳು. ನನಗೆ ಬಹಳ ಸಂಕಟವಾಯಿತು. ಮುಂದಿನ ದಸರಾಕ್ಕೆ ಅವರೆಲ್ಲ ನಮ್ಮ ನೆಲದ ಮೇಲೆ ಕೂತು ಒಂದು ಹಾಡು ಹೇಳಿ ಹೋಗುವಂತೆ ಮಾಡುತ್ತೇನೆಂದು ಮಾತು ಕೊಟ್ಟುಬಿಟ್ಟೆ.

ಮಾತು ಕೊಡುವುದು ನಿಂತುಕೊಂಡು ಮಾಡುವ ಕೆಲಸ. ನೆಲ ಉಜ್ಜುವುದು ಮಂಡಿಯೂರಿ ಮಾಡುವ ಕೆಲಸ. ಮರುವರ್ಷ ಗೌರಿ ಹಬ್ಬ ಕಳೆದ ಮೇಲೆ ಶುರುಮಾಡಿದೆ. ಆಫೀಸಿನಿಂದ ಬಂದವನೇ ಹಳೇ ಪಂಚೆ ಸುತ್ತಿಕೊಂಡು, ಸೋಡಾಪುಡಿ ಕಲಸಿದ ಬಿಸಿನೀರು, ತೆಂಗಿನ ನಾರು ಹಿಡಿದು ಕೂರುತ್ತಿದ್ದೆ. ಮೊದಲ ಟೈಲು ಬೆಳ್ಳಗಾಯಿತು. ಪಕ್ಕದ್ದು ಎಳೆಬಾಳೆಲೆಯ ಹಸಿರು! ನಾವಿಬ್ಬರೂ ಬಗ್ಗಿ ನೋಡಿದೆವು. ಆ ಎರಡು ಟೈಲು ಹೊಳೆಯತೊಡಗಿದ್ದೇ ತಪ್ಪಾಯಿತು, ಉಳಿದವು ಇನ್ನೂ ಕೊಳಕಾಗಿ ಕಂಡವು.

ಅಷ್ಟರಲ್ಲಿ ಗುಬ್ಬಿಯಿಂದ ಅಮ್ಮ ಬಂದಳು. ನನ್ನ ಅವಸ್ಥೆ ನೋಡಿ, "ಏನ್ಲಾ ಇದು, ಹಿಂಗೆ ಉಜ್ತಾ ಕೂತ್ರೆ ಸಂಕ್ರಾಂತಿ ಬತ್ತದೆ. ಸೀಮೆಎಣ್ಣೆ ಹಾಕಿ ಒರ್ಸು, ಗಾರೆ ನೆಲ ಕನ್ನಡಿ ಹಂಗೆ ಹೊಳೀತದೆ" ಎಂದಳು. ಇದು ಗಾರೆ ಅಲ್ಲ ಎನ್ನುವುದು ಅವಳಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಧಾರಾಳವಾಗಿ ಸುರಿದು ಒರೆಸಿದೆ. ನೆಲ ನಿಜಕ್ಕೂ ಹೊಳೆಯಿತು. ಮಾರನೆಯ ಬೆಳಿಗ್ಗೆ ಕಾಫಿ ಲೋಟ ಹಿಡಿದು ಹಜಾರಕ್ಕೆ ಬಂದರೆ ಕಾಲ ಕೆಳಗಿನ ಟೈಲು ನನ್ನ ಜೊತೆಗೇ ಹೊರಟಿತು. ಸೀಮೆಎಣ್ಣೆ ಜಿಡ್ಡನ್ನು ಮಾತ್ರವಲ್ಲ, ಅಡಿಯ ಅಂಟನ್ನೂ ಕರಗಿಸಿತ್ತು. "ಅಂಟಿಸಿರೋ ನೆಲಾನಾ! ಮೊದ್ಲೇ ಹೇಳ್ಬಾರ್ದೇನ್ಲಾ?" ಎಂದು ಅಮ್ಮ ನನಗೇ ಬೈದಳು.

ಎದ್ದ ಟೈಲುಗಳನ್ನೆಲ್ಲ ಮತ್ತೆ ಅಂಟಿಸಿ, ಒಂದೊಂದರ ಮೇಲೂ ರಾತ್ರಿಯೆಲ್ಲ ಭಾರ ಹೇರಿದೆ: ಅಕ್ಕಿ ಡಬ್ಬ, ರಾಗಿ ಚೀಲ, ಒರಳುಕಲ್ಲು. ಎಲ್ಲವೂ ಕೂತವು. ಗೊಂಬೆಯೂ ಕೂತಿತು. ಹೆಂಗಸರು ಬರುವ ದಿನ ಮಧ್ಯಾಹ್ನ ನಡುಹಜಾರದ ಒಂದು ಹಸಿರು ಟೈಲು ಮೂಲೆ ಎತ್ತಿತು. ಅಂಟು ಬಳಿದೆ. ಒರಳುಕಲ್ಲು ತರಲು ಹೋದರೆ ಸರೋಜ ಅಡ್ಡ ಬಂದಳು.

"ಗೊಂಬೆ ಮುಂದೆ ಒರಳುಕಲ್ಲು ಇಟ್ರೆ ಬಂದೋರು ಏನಂತಾರೆ? ನೀವೇ ಕೂತ್ಕೊಂಡುಬಿಡಿ. ತೂಕದಲ್ಲಿ ನೀವೇನೂ ಅದಕ್ಕೆ ಕಮ್ಮಿ ಇಲ್ಲ."

ಅರಿಶಿನ ಕುಂಕುಮದ ಸಂಜೆ ಗಂಡಸರು ಮನೆಯಲ್ಲಿ ಇರುವುದಿಲ್ಲ. ಪೇಟೆ ಕಡೆಗೋ ಗೆಳೆಯರ ಮನೆಗೋ ಜಾಗ ಖಾಲಿ ಮಾಡುವುದು ಪದ್ಧತಿ. ನಾನು ಮಾತ್ರ ಮಡಿಪಂಚೆ ಉಟ್ಟು, ನಡುಹಜಾರದಲ್ಲಿ ಚಕ್ಕಳಮಕ್ಕಳ ಹಾಕಿ, ಗೊಂಬೆಗಳನ್ನೇ ನೋಡುತ್ತ ಕೂತಿದ್ದೆ. ಬಂದವರು ಬಾಗಿಲಲ್ಲಿ ಒಂದು ಕ್ಷಣ ತಡೆದರು. ಎದುರು ಮನೆಯ ರಂಗಮ್ಮ, ನಮ್ಮ ಬೀದಿಗೆಲ್ಲ ಹಿರಿಯರು, ನನ್ನನ್ನು ದಿಟ್ಟಿಸಿ, "ಪಾಪ, ಎಷ್ಟು ಭಕ್ತಿ ನೋಡ್ರೇ" ಎಂದು ಒಳಗೆ ಬಂದು ಕೂತೇಬಿಟ್ಟರು. ಉಳಿದವರೂ ಸುತ್ತ ಕೂತರು. ಒಂದು ಹಾಡಲ್ಲ, ಸಾಲುಸಾಲಾಗಿ ಹಾಡಿದರು. ಸರೋಜಳ ಮುಖ ನೋಡಿ, ಜೋಮು ಹಿಡಿದ ನನ್ನ ಕಾಲನ್ನೂ ಮರೆತೆ.

ಆಮೇಲೆ ಆರತಿ ಎತ್ತಿದರು. ಎಲ್ಲರೂ ಎದ್ದು ನಿಂತರು, ನನ್ನ ಹೊರತು.

"ಏನಪ್ಪಾ, ಆರತಿಗೆ ಕೂತೇ ಇರ್ತಾರಾ? ಏಳಪ್ಪಾ" ಎಂದರು ರಂಗಮ್ಮ.

ಬೇರೆ ದಾರಿಯಿಲ್ಲದೆ ಎದ್ದೆ. ಟೈಲೂ ಎದ್ದಿತು. ನನ್ನ ಭಾರಕ್ಕೆ ಅಂಚಿನಲ್ಲಿ ಉಕ್ಕಿದ ಅಂಟು ನೆಲವನ್ನು ಬಿಟ್ಟು ಪಂಚೆಯನ್ನು ಹಿಡಿದಿತ್ತು. ಆರತಿ ತಟ್ಟೆ ಹಿಡಿದ ಸರೋಜಳೇ ಮೊದಲು ನಕ್ಕಳು. ನಗು ತಡೆಯಲಾರದೆ ಎಲ್ಲರೂ ಮತ್ತೆ ಕುಸಿದು ಕೂತರು. ರಂಗಮ್ಮ ಕಣ್ಣೀರು ಒರೆಸಿಕೊಳ್ಳುತ್ತ ಇನ್ನೊಂದು ಸಲ ಉಸಲಿ ಹಾಕಿಸಿಕೊಂಡರು.

ಎಲ್ಲರೂ ಹೋದ ಮೇಲೆ, ನನ್ನ ದುಡಿಮೆಗೆ ಒಂದು ಶಹಬಾಸ್‌ಗಿರಿಯಾದರೂ ಸಿಕ್ಕೀತೆಂದು ಕೇಳಿದೆ: "ನೆಲದ ಬಗ್ಗೆ ಏನಾದರೂ ಅಂದರಾ?"

"ನೆಲ ಯಾರು ನೋಡಿದ್ರು? ಎಲ್ಲಾ ನಿಮ್ಮನ್ನೇ ನೋಡ್ತಿದ್ರಲ್ಲ" ಎಂದಳು ಸರೋಜ. "ನಾಳೆ ಹಿಂದಿನ ಬೀದಿಯೋರೂ ಬರ್ತಾರಂತೆ. ಬೇಗ ಬಂದ್ಬಿಡಿ, ಗೊಂಬೆ ಜೊತೆ ನಿಮ್ಮನ್ನೂ ನೋಡ್ಬೇಕಂತೆ."

ಆ ರಾತ್ರಿ ಒರಳುಕಲ್ಲಿನಡಿ ಟೈಲು ಗಟ್ಟಿಯಾಗಿ ಅಂಟಿತು. ಮಾರನೆಯ ಸಂಜೆ ಅದರ ಮೇಲೆ ಯಾರೂ ಕೂರಬೇಕಾದ ಅಗತ್ಯವೇ ಇರಲಿಲ್ಲ. ಆದರೂ ಆಫೀಸಿನಿಂದ ಬೇಗ ಬಂದು, ಒಗೆದ ಪಂಚೆ ಉಟ್ಟು, ಹೋಗಿ ಕೂತೆ.