ಕಾರ್ಪೆಟ್ಟಿನ ಕೆಳಗಿನ ಲಿಗೋರಿ

ಊಂ... ಊಂಂಂ... ಟಕ್!

ಯಾರೋ ಮಾತಾಡಲು ಗಂಟಲು ಸರಿಮಾಡಿಕೊಂಡು, ಬೇಡವೆಂದು ಸುಮ್ಮನಾದಂತೆ. ಆ ಬೇಸಗೆಯಲ್ಲಿ ಕೊಲ್ಲಿನಾಡಿನ ಬುದಯ್ಯದ ನಮ್ಮ ಮನೆಯ ಪ್ರೇಯರ್ ರೂಮಿನಲ್ಲಿ ದಿನವೂ ಕೇಳಿದ ಆ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ. ಅದಕ್ಕೆ ಸಂಪೂರ್ಣ ಹೊಣೆ ನಾನೇ ಎಂದು ಈ ಮೂಲಕ ಒಪ್ಪಿಕೊಳ್ಳುತ್ತೇನೆ.

ಮಗಳು ತನ್ನ ಬೆಡ್‌ರೂಮಿಗೆ ಹೊಸ ಏಸಿ ಹಾಕಿಸಿ, ಹಳೆಯದನ್ನು ನನ್ನ ಪ್ರೇಯರ್ ರೂಮಿಗೆ ದಾನ ಮಾಡಿದಳು. ಅಲ್ಲಿನ ಪ್ಲಗ್ ಕೆಟ್ಟು ವರ್ಷವಾಗಿತ್ತು. ಅಡುಗೆಮನೆಯಿಂದ ವಯರ್ ಎಳೆಯಬೇಕು.

"ಮಮ್ಮಿ, ಎಲೆಕ್ಟ್ರೀಶಿಯನ್‌ನ ಕರಿ."

"ಕಾನ್ವೆಂಟಿನಲ್ಲಿ ಫಿಸಿಕ್ಸ್ ಪ್ರೈಜ್ ಯಾರಿಗೆ ಬಂದದ್ದು, ಗೊತ್ತುಂಟಾ?" ಎಂದೆ, ರಿಟೈರ್ಡ್ ಟೀಚರಿನ ಗತ್ತಿನಲ್ಲಿ.

ಅಂಗಡಿಯವನು ಎರಡು ಕೇಬಲ್ ತೋರಿಸಿದ. ಒಂದು ದಪ್ಪ, ಕಪ್ಪು, ಒರಟು. ಇನ್ನೊಂದು ತೆಳ್ಳಗೆ, ಬೆಳ್ಳಗೆ, ವೆರಿ ಲೇಡಿಲೈಕ್. ದಪ್ಪದ್ದನ್ನು ಕಾರ್ಪೆಟ್ಟಿನ ಕೆಳಗೆ ಹಾಕಿದರೆ ಉಬ್ಬಿ ನಿಲ್ಲುತ್ತದೆ, ಜಪಸರಕ್ಕೆ ಬರುವ ಮುದುಕಿಯರು ಎಡವುತ್ತಾರೆ. ಮುದುಕಿಯರೆಂದರೆ ನಾನು ಮತ್ತು ಲೀನಾ. ಸಕಲ ವೈಜ್ಞಾನಿಕ ಅಂಶಗಳನ್ನೂ ಪರಿಗಣಿಸಿ ಬಿಳಿಯದನ್ನೇ ಕೊಂಡೆ! ಮೂವತ್ತು ಮೀಟರ್. ಅದರ ತುದಿಗೆ ಏಸಿಯನ್ನೂ ಪೀಠದ ಪುಟ್ಟ ಕೆಂಪು ಬಲ್ಬನ್ನೂ ಸಿಕ್ಕಿಸಿದೆ.

ಲೀನಾ ನನ್ನ ನಲವತ್ತು ವರ್ಷದ ಗೆಳತಿ. ಅವಳ ಗಂಡ ಲಿಗೋರಿ ಮೀನಾ ಸಲ್ಮಾನ್ ಬಂದರಿನ ವರ್ಕ್‌ಶಾಪಿನಲ್ಲಿ ಮೋಟಾರು ರಿಪೇರಿ ಮಾಡುತ್ತಿದ್ದವರು. ಹಿಂದಿನ ಚಳಿಗಾಲದಲ್ಲಿ ತೀರಿಕೊಂಡಿದ್ದರು. ಊರಲ್ಲಿ, ಕಲ್ಯಾಣಪುರದಲ್ಲಿ, ಕಾಲು ಮುರಿದುಕೊಂಡ ತಂಗಿ ಅವಳ ದಾರಿ ಕಾಯುತ್ತಿದ್ದಳು. ಟಿಕೆಟ್ ಆಗಿತ್ತು. ನಾನು ಆ ತಾರೀಖಿನ ಮಾತೇ ಎತ್ತುತ್ತಿರಲಿಲ್ಲ.

ಮೊದಲ ಸಂಜೆ ಲೀನಾ "ಲಿಗೋರಿಯ ಆತ್ಮಕ್ಕೆ" ಎಂದಳು. ಊಂ... ಕೆಂಪು ಬಲ್ಬು ನಿದ್ದೆಗಣ್ಣಿನಂತೆ ಅರ್ಧ ಮುಚ್ಚಿ, ಮೆಲ್ಲನೆ ತೆರೆಯಿತು. ಎರಡನೆಯ ಸಂಜೆಯೂ ಹಾಗೆಯೇ. ಮೂರನೆಯ ಸಂಜೆ ಅವಳು ಪ್ರಾರ್ಥನೆ ನಿಲ್ಲಿಸಿ ಮೂಗೆಳೆದಳು.

"ಗ್ರೇಸಿ, ವಾಸನೆ ಬರ್ತದಾ? ಇದು ಅವರ ಕೆಲಸದ ಅಂಗಿಯದ್ದು, ಸುಟ್ಟ ಮೋಟಾರಿನದ್ದು. ಎಷ್ಟು ಒಗೆದ್ರೂ ಹೋಗ್ತಿರ್ಲಿಲ್ಲ."

ಬರುತ್ತಿತ್ತು. ನನಗೂ ಬರುತ್ತಿತ್ತು!

ನಾಲ್ಕನೆಯ ಸಂಜೆ ಮೊಣಕಾಲೂರಿದವಳು ಕಾರ್ಪೆಟ್ಟಿನ ಮೇಲೆ ಅಂಗೈ ಇಟ್ಟು ಬಿಳಿಚಿಕೊಂಡಳು. "ಇಲ್ಲಿ ಬಿಸಿ ಉಂಟು. ಯಾರೋ ಈಗ ಕೂತು ಎದ್ದ ಹಾಗೆ."

ಮುಟ್ಟಿ ನೋಡಿದೆ. ಮೇಲಿಂದ ಏಸಿಯ ತಣ್ಣನೆ ಗಾಳಿ, ಕೆಳಗೆ ಮೈಬಿಸಿ. ನನ್ನ ತೋಳಿನ ರೋಮವೆಲ್ಲ ಎದ್ದು ನಿಂತಿತು.

"ಇದು ನೀವಾ?" ಎಂದು ಲೀನಾ ಖಾಲಿ ಕುರ್ಚಿಯನ್ನು ಕೇಳಿದಳು.

ಊಂಂಂ... ಬಲ್ಬು ಮಂಕಾಯಿತು.

"ನಾನು ಊರಿಗೆ ಹೋಗುದಿಲ್ಲ ಗ್ರೇಸಿ. ಇವರನ್ನು ಇಲ್ಲಿ ಬಿಟ್ಟು ಹೇಗೆ ಹೋಗುದು? ನಾಳೆಯೇ ಟಿಕೆಟ್ ಕ್ಯಾನ್ಸಲ್."

"ನಿನ್ನಿಷ್ಟ ಮಾರಾಯ್ತಿ" ಎಂದೆ ಗಂಭೀರವಾಗಿ. ಒಳಗೊಳಗೇ ಲಿಗೋರಿಗೆ ಸಾವಿರ ಥ್ಯಾಂಕ್ಸ್ ಹೇಳಿದೆ!

ಮರುದಿನ ಬೆಳಿಗ್ಗೆ ಲಿಗೋರಿ ಕಾರ್ಪೆಟ್ಟಿನ ಮೇಲೆ ಕಂದು ಬಣ್ಣದ ಉದ್ದನೆಯ ಗೆರೆ ಎಳೆದಿದ್ದರು. ಆತ್ಮಗಳು ಕಾರ್ಪೆಟ್ ಹಾಳುಮಾಡುವುದು ಧರ್ಮಪಾಠದ ಕ್ಯಾಟೆಕಿಸಂ ಪುಸ್ತಕದಲ್ಲಿ ಎಲ್ಲೂ ಇಲ್ಲ. ಅನುಮಾನ ಬಂದು, ಟುಬ್ಲಿಯಲ್ಲಿ ಅಂಗಡಿ ಇಟ್ಟಿರುವ ಉಳ್ಳಾಲದ ಎಲೆಕ್ಟ್ರೀಶಿಯನ್ ಹಮೀದನನ್ನು ಕರೆಸಿದೆ. ಅವನು ಕಾರ್ಪೆಟ್ ಎತ್ತಿದ. ನನ್ನ ಲೇಡಿಲೈಕ್ ಕೇಬಲ್ ಕರಗಿ ಅದಕ್ಕೆ ಅಂಟಿಕೊಂಡಿತ್ತು.

"ಎಂತ ಟೀಚರೇ ಇದು? ಟೇಬಲ್ ಲ್ಯಾಂಪಿನ ವಯರಲ್ಲಿ ಏಸಿ ಓಡಿಸಿದ್ರಾ? ದೂರ ಹೆಚ್ಚಾದ್ರೆ ವಯರ್ ದಪ್ಪ ಬೇಕು. ಏಸಿಯ ಕಂಪ್ರೆಸರ್ ಊಂ ಅಂತ ಏಳುವಾಗ ಇದ್ದ ಕರೆಂಟೆಲ್ಲ ಅದೇ ಎಳೀತದೆ, ಬಲ್ಬು ಮಂಕಾಗ್ತದೆ. ವಯರ್ ತಡೀಲಿಕ್ಕಾಗದೆ ಬಿಸಿ ಆಗ್ತದೆ, ಸುಟ್ಟ ವಾಸನೆ ಬರ್ತದೆ. ಇನ್ನೆರಡು ದಿನ ಬಿಟ್ಟಿದ್ರೆ ನೀವೂ ಗೋಡೆಯ ಫೋಟೋದಲ್ಲಿ ಇರ್ತಿದ್ರಿ!"

ಸದ್ದು, ಬೆಳಕು, ವಾಸನೆ, ಬಿಸಿ. ಇಡೀ ಲಿಗೋರಿಯನ್ನು ಅವನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ.

"ಹಮೀದ್, ಬಲ್ಬು ಸ್ವಲ್ಪ ಮಂಕಾಗುವಷ್ಟು ಮಾತ್ರ... ಬೆಂಕಿ ಹಿಡಿಯದ ಹಾಗೆ... ಅಂಥ ಸೈಜಿನ ಕೇಬಲ್ ಸಿಗ್ತದಾ?"

ಅವನು ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟ. "ಟೀಚರೇ, ನೀವು ಸ್ವಲ್ಪ ಕೂತ್ಕೊಳ್ಳಿ. ನೀರು ಕುಡೀರಿ."

ಮೇನ್ ಬಾಕ್ಸಿನಿಂದಲೇ ಗೋಡೆಯ ಮೇಲೆ ನಾಲ್ಕು ಎಂಎಂನ ಕಪ್ಪು ಕೇಬಲ್ ಎಳೆದು ಹೋದ.

ಸಂಜೆ ಲೀನಾ ಬಂದಳು. ಟಿಕೆಟ್ ಆಫೀಸು ಮುಚ್ಚಿತ್ತಂತೆ, ನಾಳೆ ಹೋಗುತ್ತಾಳಂತೆ. ಪ್ರಾರ್ಥನೆ ಶುರುವಾಯಿತು. "ಲಿಗೋರಿಯ ಆತ್ಮಕ್ಕೆ..."

ಬಲ್ಬು ಮಿಸುಕಲಿಲ್ಲ. ಗೊಣಗುವ ಸದ್ದಿಲ್ಲ. ಕಾರ್ಪೆಟ್ ತಣ್ಣಗಿತ್ತು. ಹಿಂದಿನ ಯಾವ ಸಂಜೆಯೂ ಆ ಕೋಣೆಯಲ್ಲಿ ನನಗೆ ಅಷ್ಟು ಹೆದರಿಕೆಯಾಗಿರಲಿಲ್ಲ.

"ಇವತ್ತು ಬರ್ಲಿಲ್ಲ" ಎಂದಳು, ಮಗುವಿನಂತೆ.

ನಾಳೆ ಬಂದಾರು ಎನ್ನಬಹುದಿತ್ತು. ನಾಲಗೆಯ ತುದಿಗೇ ಬಂದಿತ್ತು. ಬದಲಿಗೆ ಗೋಡೆಯ ಕಪ್ಪು ಕೇಬಲ್ ತೋರಿಸಿ ಎಲ್ಲವನ್ನೂ ಹೇಳಿಬಿಟ್ಟೆ.

"ನಿನಗೆ ಯಾವಾಗ ಗೊತ್ತಾದದ್ದು?"

"ಬೆಳಿಗ್ಗೆ."

"ಮತ್ತೆ ಸಂಜೆವರೆಗೆ ಎಂತಕ್ಕೆ ಬಾಯಿ ಮುಚ್ಚಿ ಕೂತೆ?"

"ಹೇಳಿದ್ರೆ ನೀನು ಹೋಗ್ತಿಯಲ್ಲ."

ಅವಳು ಕಣ್ಣೊರೆಸಿಕೊಂಡು ಜಪಸರವನ್ನು ಪರ್ಸಿಗೆ ಹಾಕಿದಳು. "ಅವರು ಇದ್ದಿದ್ರೆ ನಿನ್ನ ಫಿಸಿಕ್ಸ್ ಪ್ರೈಜ್ ವಾಪಸ್ ಕಳಿಸ್ತಿದ್ರು, ನೋಡು."

ಮುಂದಿನ ವಾರ ಏರ್‌ಪೋರ್ಟ್. ವಿಮಾನದ ಚಳಿಗೆಂದು ಲೀನಾ ನೀಲಿ ಸ್ವೆಟರ್ ಹಾಕಿದ್ದಳು. ಒಳಗೆ ಹೋಗುತ್ತಿದ್ದ ನೀಲಿ ಸ್ವೆಟರಿನ ಬೆನ್ನಿಗೆ ಎರಡೂ ಕೈ ಬೀಸಿದೆ, ಅಳುತ್ತ "ಗಾಡ್ ಬ್ಲೆಸ್ ಯೂ" ಎಂದು ಕೂಗಿದೆ. ನೀಲಿ ಸ್ವೆಟರ್ ತಿರುಗಿ, ಸಂಕೋಚದಿಂದ ಕೈ ಬೀಸಿತು. ಕನ್ನಡಕ ಒರೆಸಿ ನೋಡಿದರೆ, ಯಾರೋ ಅಪರಿಚಿತ ಹೆಂಗಸು! ಪಕ್ಕದ ಸಾಲಿನಲ್ಲಿ ಲೀನಾ ನಿಂತಿದ್ದಳು. ಎಷ್ಟು ಹೊತ್ತಿನಿಂದ ನೋಡುತ್ತಿದ್ದಳೋ! ಪಾಸ್‌ಪೋರ್ಟನ್ನು ಬಾಯಿಗೆ ಅಡ್ಡ ಹಿಡಿದು, ಭುಜ ಕುಲುಕಿಸಿ ನನ್ನನ್ನು ನೋಡಿ ನಗುತ್ತಿದ್ದಳು. ಅವಳನ್ನು ನಾನು ಕೊನೆಯ ಸಲ ನೋಡಿದ್ದು ಹಾಗೆ.